ಕೌದಿಯಲ್ಲೊಂದು ಮೀಸೆಯ ಕೂದಲು

ಟಾರ್ಚಪ್ಪನವರಿಗೆ ಆ ಹೆಸರಿಟ್ಟದ್ದು ಬೀದಿಯ ಮಕ್ಕಳು. ಪೈಪು ಕಾರ್ಖಾನೆಯ ಗೇಟಿನಲ್ಲಿ ಮೂವತ್ತೆರಡು ವರ್ಷ ರಾತ್ರಿ ಪಾಳಿಯ ಕಾವಲು ಮಾಡಿ ನಿವೃತ್ತರಾದ ಮೇಲೂ ಮನುಷ್ಯ ಟಾರ್ಚು ಬಿಡಲಿಲ್ಲ. ಮಟಮಟ ಮಧ್ಯಾಹ್ನ ಹಾಲು ತರಲು ಹೊರಟರೂ ಅದು ಕಂಕುಳಲ್ಲಿ ಇರಲೇಬೇಕು. ಚರಂಡಿಯ ಮುಚ್ಚಳ ಸರಿಯಾಗಿ ಕೂತಿದೆಯೇ, ಮೂಲೆಮನೆಯವರು ಗೇಟಿಗೆ ಚಿಲಕ ಹಾಕಿದ್ದಾರೆಯೇ ಎಂದು ಹಾಡಹಗಲಲ್ಲೇ ಬೆಳಕು ಬಿಟ್ಟು ನೋಡುತ್ತಿದ್ದರು. ಚಿಲಕ ಹಾಕಿರದಿದ್ದರೆ ತಾವೇ ಹಾಕುತ್ತಿದ್ದರು. ಹೀಗೆ ಒಮ್ಮೆ ಮೂಲೆಮನೆಯವರು ತಮ್ಮ ಮನೆಯೊಳಗೇ ಅರ್ಧ ದಿನ ಬಂದಿಯಾಗಿದ್ದೂ ಉಂಟು.

ಸೈಕಲ್ ರಿಪೇರಿ ಅಂಗಡಿಯ ಮೇಲೆ ಮಹಡಿಯ ಪುಟ್ಟ ಅಡುಗೆಮನೆ, ಎರಡು ಕೋಣೆ ಅವರ ಮನೆ. ಒಂದರಲ್ಲಿ ಮಗ ಸೊಸೆ. ಮಗ ಸರಕಿನ ಲಾರಿ ಓಡಿಸುವವನು, ವಾರಕ್ಕೆ ಎರಡು ದಿನ ಮನೆಯಲ್ಲಿ ಕಂಡರೆ ಹೆಚ್ಚು. ಸೊಸೆ ಕನ್ನಡಕದ ಅಂಗಡಿಯಲ್ಲಿ ಕೌಂಟರಿನ ಕೆಲಸದವಳು, ಬೆಳಗ್ಗೆ ಒಂಬತ್ತಕ್ಕೆ ಹೊರಟರೆ ಸಂಜೆ ಆರೂವರೆಗೇ ಬರುವುದು. ಇನ್ನೊಂದು ಕೋಣೆಯಲ್ಲಿ ಟಾರ್ಚಪ್ಪನವರು, ಅವರ ಹೆಂಡತಿ, ಹೆಂಡತಿಯ ಬಟ್ಟೆಗಂಟುಗಳು. ಟೈಲರ್ ಅಂಗಡಿಗಳಿಂದ ತಂದ ಚೂರುಬಟ್ಟೆಯ ಗಂಟುಗಳೇ ಕೋಣೆಯ ಮುಕ್ಕಾಲು ಭಾಗ ತುಂಬಿಕೊಂಡಿದ್ದವು. ಉಳಿದ ಕಾಲು ಭಾಗದಲ್ಲಿ ಗಂಡನಿಗೆ ಇರಲು ಅವಕಾಶವಿತ್ತು.

ಬೀದಿಗೆಲ್ಲ ಆಕೆ ಕೌದಿಯಮ್ಮ. ನಲವತ್ತು ವರ್ಷದಿಂದ ಕೌದಿ ಹೊಲಿಯುತ್ತಿದ್ದಳು. ಒಳಗೆ ಒಗೆದು ಒಗೆದು ಮೆತ್ತಗಾದ ಹಳೆಯ ಹತ್ತಿಬಟ್ಟೆಯ ಪದರಗಳು, ಮೇಲೆ ಬಣ್ಣಬಣ್ಣದ ತುಂಡುಗಳು, ಅಂಚಿನಿಂದ ನಡುವಿನವರೆಗೆ ಸುತ್ತುಸುತ್ತಾಗಿ ಓಡುವ ಕೈಹೊಲಿಗೆ. ಹೊಲಿಗೆ ಎಷ್ಟು ಸಣ್ಣದೆಂದರೆ ನೋಡಿದವರು ಮಿಷನ್ನಿನದೆಂದು ತಿಳಿದು ಮೂಗು ಮುರಿಯುತ್ತಿದ್ದರು. ಹೊಲಿದದ್ದನ್ನೆಲ್ಲ ನೆಂಟರಿಗೆ ಸುಮ್ಮನೆ ಕೊಟ್ಟುಬಿಡುವುದು ಆಕೆಯ ಅಭ್ಯಾಸ. ಸುಮ್ಮನೆ ಸಿಕ್ಕಿದ್ದಕ್ಕೆ ನೆಂಟರು ಎಷ್ಟು ಬೆಲೆ ಕೊಡಬೇಕೋ ಅಷ್ಟೇ ಕೊಟ್ಟರು. ಒಬ್ಬ ಭಾವಮೈದುನ ಅದನ್ನು ಸ್ಕೂಟರಿಗೆ ಹೊದಿಸಿದ. ನಾದಿನಿಯೊಬ್ಬಳು ನಾಯಿಗೆ ಹಾಸಿದಳು. ನಾಯಿಗೆ ತುಂಬ ಹಿಡಿಸಿದೆ, ಇನ್ನೊಂದಿದ್ದರೆ ಕಳಿಸಿ ಎಂದು ಫೋನ್ ಮಾಡಿ ಬೇರೆ ಹೇಳಿದಳು.

ಆ ಫೋನ್ ಎತ್ತಿದ್ದು ಸೊಸೆ. ಅವಳಿಗೆ ಮೈಯೆಲ್ಲ ಉರಿದುಹೋಯಿತು. ಮುಂದಿನ ಭಾನುವಾರವೇ ಮನೆಯಲ್ಲಿದ್ದ ಆರು ಕೌದಿಗಳನ್ನು ಮಹಡಿಯ ಕಟಾಂಜನದ ಮೇಲೆ ಹರವಿ ಫೋಟೋ ತೆಗೆದು, ಫೋನಿನಲ್ಲಿ ಒಂದು ಅಂಗಡಿ ತೆರೆದೇಬಿಟ್ಟಳು. ಅಂಗಡಿಗೆ ಮಾಲೀಕರೊಬ್ಬರು ಬೇಕಲ್ಲ. ಮನೆಯವರ ಕಾಗದಪತ್ರಗಳಲ್ಲಿ ಹುಟ್ಟಿದ ದಿನ ಎಲ್ಲ ಕಡೆ ಒಂದೇ ಇದ್ದದ್ದು ಟಾರ್ಚಪ್ಪನವರದು ಮಾತ್ರ. ಹಾಗಾಗಿ ಅಂಗಡಿ ಅವರ ಹೆಸರಿಗಾಯಿತು.

ಟಾರ್ಚಪ್ಪನವರಿಗೆ ಈ ಅಂಗಡಿ ಅರ್ಥವೇ ಆಗಲಿಲ್ಲ. ಬಾಗಿಲಿಲ್ಲ, ಶಟರಿಲ್ಲ, ಬೀಗವಿಲ್ಲ. ರಾತ್ರಿ ಎಷ್ಟು ಹೊತ್ತಿಗೆ ಮುಚ್ಚುತ್ತದೆ ಎಂದು ಕೇಳಿದರು. ಅದು ಮುಚ್ಚುವುದೇ ಇಲ್ಲ, ಇಪ್ಪತ್ತನಾಲ್ಕು ಗಂಟೆಯೂ ತೆರೆದೇ ಇರುತ್ತದೆ ಎಂದಳು ಸೊಸೆ. ಕಾವಲಿಗೆ ಯಾರು ಎಂದರು. ಯಾರೂ ಇಲ್ಲ ಎಂದಳು. ತಮ್ಮ ಹೆಸರಿನ ಅಂಗಡಿಯೊಂದು ರಾತ್ರಿಯೆಲ್ಲ ಬಾಗಿಲು ತೆರೆದುಕೊಂಡು ಕಾವಲಿಲ್ಲದೆ ಬಿದ್ದಿರುವ ಯೋಚನೆಯಲ್ಲಿ ಆ ಜೀವ ಒಂದು ವಾರ ಒದ್ದಾಡಿತು.

ಆದರೆ ಕೌದಿಗಳು ಮಾರಾಟವಾದವು. ಕಂಡು ಕೇಳರಿಯದವರು, ನೆಂಟರಲ್ಲದವರು, ಬೇಕು ಎಂದು ಬರೆದು ತರಿಸಿಕೊಂಡರು. ತರಿಸಿಕೊಂಡವರು ಅದನ್ನು ಹಾಸಿಗೆಯ ಮೇಲೆ ಹರವಿ ಫೋಟೋ ಕಳಿಸಿದರು. ಸ್ಕೂಟರಿನ ಮೇಲಲ್ಲ, ಹಾಸಿಗೆಯ ಮೇಲೆ. ಸೊಸೆ ಆ ಫೋಟೋಗಳನ್ನು ತೋರಿಸಿದಾಗ ಕೌದಿಯಮ್ಮ ಕನ್ನಡಕ ಒರೆಸಿಕೊಂಡು ನೋಡುತ್ತಿದ್ದಳು, ಆ ದಿನ ಎರಡು ಗಂಟೆ ಹೆಚ್ಚು ಹೊಲಿಯುತ್ತಿದ್ದಳು. ಎರಡು ವರ್ಷದಲ್ಲಿ ಆಕೆಯ ಬೆನ್ನು ನೆಟ್ಟಗಾಯಿತು ಎಂದರೆ ಉತ್ಪ್ರೇಕ್ಷೆಯಲ್ಲ. ಜೀವಮಾನದಲ್ಲಿ ಮೊದಲ ಸಲ ಆಕೆಯ ಕೆಲಸವನ್ನು ಜನ ಕೆಲಸ ಎಂದು ಕರೆದಿದ್ದರು.

ಮನೆಯಲ್ಲಿ ಇಬ್ಬರು ಹೆಂಗಸರೂ ದುಡಿಯುವಾಗ ಟಾರ್ಚಪ್ಪನವರು ಕೈಕಟ್ಟಿ ಕೂರುವವರೇ? ತಮಗೊಂದು ಹುದ್ದೆಯನ್ನು ತಾವೇ ಸೃಷ್ಟಿಸಿಕೊಂಡರು. ಪರೀಕ್ಷಕರ ಹುದ್ದೆ. ಕೌದಿಯೊಂದು ಹೊಲಿದು ಮುಗಿದ ಮಧ್ಯಾಹ್ನ, ಊಟವಾದ ಮೇಲೆ, ಅದನ್ನು ಹೊದ್ದು ಮಲಗುವುದು. ಎದ್ದ ಮೇಲೆ ವರದಿ ಕೊಡುವುದು. ಎಲ್ಲಿ ದಾರ ಸಡಿಲ, ಎಲ್ಲಿ ಪದರ ಗಂಟುಕಟ್ಟಿದೆ, ಕಾಲಿಗೆ ಸಾಲುತ್ತದೋ ಇಲ್ಲವೋ. ಮೂವತ್ತೆರಡು ವರ್ಷ ಹಗಲು ಮಲಗಿ ರಾತ್ರಿ ಎಚ್ಚರವಿದ್ದ ದೇಹಕ್ಕೆ ಮಧ್ಯಾಹ್ನದ ನಿದ್ದೆ ಕರೆದರೆ ಬರುತ್ತಿತ್ತು. ಡ್ಯೂಟಿಯ ಮೇಲೆ ಒಂದೇ ಒಂದು ದಿನವೂ ಕಣ್ಣು ಮುಚ್ಚದೆ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದ ಮನುಷ್ಯನಿಗೆ ಈಗ ಗೊರಕೆ ಹೊಡೆಯುವುದೇ ಡ್ಯೂಟಿ. ಇಂಥ ಬಡ್ತಿ ಯಾರಿಗುಂಟು?

ಅವರು ಅದನ್ನು ಹಗುರವಾಗಿ ತೆಗೆದುಕೊಂಡವರಲ್ಲ. ಒಂದು ದಪ್ಪ ರಿಜಿಸ್ಟರು ತಂದು ಗೆರೆ ಎಳೆದು, ಅಲ್ಲಿಂದಾಚೆಗಿನ ಕೌದಿಗಳಿಗೆ ಒಂದರಿಂದ ಸಂಖ್ಯೆ ಕೊಟ್ಟು, ಗೇಟಿನಲ್ಲಿ ಬರೆಯುತ್ತಿದ್ದ ಹಾಗೆಯೇ ಬರೆದರು. ಕೌದಿಯಮ್ಮ ಅವರ ತಂಟೆಗೆ ಹೋಗಲಿಲ್ಲ. ಸಡಿಲ ಎಂದ ಕಡೆ ಮತ್ತೆ ಹೊಲಿದು, ಮಡಿಸಿ ಇಟ್ಟುಬಿಡುತ್ತಿದ್ದಳು. ಸೊಸೆಗೆ ಇದೊಂದೂ ಗೊತ್ತಿರಲಿಲ್ಲ. ಯಾರೂ ಮುಚ್ಚಿಟ್ಟರು ಎಂದಲ್ಲ. ಅವಳು ಮನೆಗೆ ಬರುವ ಹೊತ್ತಿಗೆ ಪರೀಕ್ಷೆ ಮುಗಿದು, ಪರೀಕ್ಷಕರು ಕಾಫಿ ಕುಡಿದು, ಬೀದಿಯ ಚಿಲಕಗಳ ತಪಾಸಣೆಗೆ ಹೊರಟಿರುತ್ತಿದ್ದರು.

ಇಪ್ಪತ್ತಮೂರನೆಯ ಕೌದಿ ಕೈಕೊಟ್ಟಿತು.

ಕೊಂಡವರು ದೂರದ ಯಾವುದೋ ಊರಿನ ಹೆಂಗಸು. ಕೌದಿಯ ಹೊಲಿಗೆಯಲ್ಲಿ ಸಿಕ್ಕಿಕೊಂಡಿದ್ದ ಒಂದು ಬಿಳಿ ಕೂದಲಿನ ಫೋಟೋ ತೆಗೆದು, ಹೊಚ್ಚಹೊಸದು ಎಂದು ಹೇಳಿ ಯಾರೋ ಹೊದ್ದು ಬಿಟ್ಟದ್ದನ್ನು ಮಾರಿದ್ದಾರೆ ಎಂದು ದೂರು ಕೊಟ್ಟರು. ಅಂಗಡಿಗೆ ಜಾಗ ಕೊಟ್ಟ ಕಂಪನಿ ಕೂಡಲೇ ಒಂದು ನೋಟಿಸು ಕಳಿಸಿತು. ಏಳು ದಿನದೊಳಗೆ ಉತ್ತರ ಕೊಡಿ, ಇಲ್ಲವಾದರೆ ಅಂಗಡಿ ಶಾಶ್ವತವಾಗಿ ಮುಚ್ಚಲಾಗುವುದು.

ಸೊಸೆ ಊಟದ ಹೊತ್ತಿನಲ್ಲಿ ಫೋಟೋವನ್ನು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿದಳು. ಅತ್ತೆಯದಾಗಿದ್ದರೆ ಉದ್ದವಿರಬೇಕಿತ್ತು. ಬೆಕ್ಕಿನದು ಎನ್ನೋಣವೆಂದರೆ ಮನೆಯಲ್ಲಿ ಬೆಕ್ಕಿಲ್ಲ. ಮಾವನ ತಲೆಯಲ್ಲಿ ಕೂದಲು ಎಂಬ ಪದಾರ್ಥ ಇಲ್ಲವಾಗಿ ಹತ್ತು ವರ್ಷವಾಗಿತ್ತು. ಗಿಡ್ಡ, ದಪ್ಪ, ತುದಿಯಲ್ಲಿ ಸ್ವಲ್ಪ ಬಾಗಿದ ಕೂದಲು. ಅವಳು ನಿಧಾನವಾಗಿ ತಲೆಯೆತ್ತಿ, ಎದುರಿಗೆ ಅನ್ನ ಕಲೆಸುತ್ತಿದ್ದ ಮಾವನ ಮೀಸೆಯನ್ನು ನೋಡಿದಳು. ಆಮೇಲೆ ಫೋಟೋ ನೋಡಿದಳು. ಮತ್ತೆ ಮೀಸೆ ನೋಡಿದಳು.

"ಮಾವ, ಆ ನೀಲಿ ಅಂಚಿನ ಕೌದಿಯನ್ನ ನೀವೇನಾದ್ರೂ ಮುಟ್ಟಿದ್ರಾ?"

ಮುಟ್ಟಿದ್ದಿರೇ ಎಂದು ಕೇಳಿದ್ದು ಟಾರ್ಚಪ್ಪನವರಿಗೆ ಅವಮಾನವೆನಿಸಿತು. ಎಡಗೈಯಲ್ಲೇ ರಿಜಿಸ್ಟರು ತೆಗೆದು, ಪುಟ ಹುಡುಕಿ, ಅವಳ ಮುಂದೆ ಹಿಡಿದರು. ಗುಂಡಗಿನ ಅಕ್ಷರದಲ್ಲಿ ಎಲ್ಲವೂ ಇತ್ತು. ಕೌದಿ ಸಂಖ್ಯೆ ಇಪ್ಪತ್ತಮೂರು. ಒಳಗೆ ಹೋದ ಸಮಯ ಎರಡು ಹತ್ತು. ಹೊರಗೆ ಬಂದ ಸಮಯ ನಾಲ್ಕು ನಲವತ್ತು. ಬಲಗಾಲಿನ ಕಡೆ ದಾರ ಸಡಿಲ, ಸರಿಪಡಿಸಲಾಗಿದೆ. ಅನುಮಾನಾಸ್ಪದ ಚಟುವಟಿಕೆ ಇಲ್ಲ. ಒಟ್ಟು ಪರಿಸ್ಥಿತಿ ಶಾಂತ. ಕೆಳಗೆ ಸಹಿ.

ಸೊಸೆ ಹಿಂದಿನ ಪುಟ ತಿರುಗಿಸಿದಳು. ಅದರ ಹಿಂದಿನದು ತಿರುಗಿಸಿದಳು. ಒಂದರಿಂದ ಇಪ್ಪತ್ತಮೂರರವರೆಗೆ ಎಲ್ಲ ಕೌದಿಗಳೊಳಗೂ ಮಾವ ಹೋಗಿ ಬಂದಿದ್ದರು. ಅವಳು ತಲೆಯ ಮೇಲೆ ಕೈ ಹೊತ್ತು ಕೂತಳು.

ಟಾರ್ಚಪ್ಪನವರು ವಾದ ಮಾಡದೆ ಇರಲಿಲ್ಲ. ಒಳಗಿನ ಬಟ್ಟೆಯೇ ಹಳೆಯದು, ಅದನ್ನು ನಾಲ್ಕು ಜನ ಉಟ್ಟು ತೊಟ್ಟಿದ್ದಾರೆ, ಅದಕ್ಕಿಲ್ಲದ ತಕರಾರು ಎರಡೂವರೆ ಗಂಟೆಯ ನಿದ್ದೆಗೇಕೆ ಎಂದರು. ಬಟ್ಟೆ ಹಳೆಯದಾದರೆ ಅದು ಕಲೆ, ಮಾವ ಮಲಗಿದರೆ ಅದು ಬಳಕೆ ಎಂದಳು ಸೊಸೆ. ಕೌದಿಯಮ್ಮ ಊಟ ಅರ್ಧಕ್ಕೆ ಬಿಟ್ಟೆದ್ದು, ಹೊಲಿಯುತ್ತಿದ್ದ ಇಪ್ಪತ್ತನಾಲ್ಕನೆಯ ಕೌದಿಯನ್ನು ಸುತ್ತಿ ಗಂಟುಗಳ ಹಿಂದೆ ಇಟ್ಟುಬಿಟ್ಟಳು. ಟಾರ್ಚಪ್ಪನವರು ವಾದ ನಿಲ್ಲಿಸಿದ್ದು ಅದನ್ನು ನೋಡಿ. ಕಾರ್ಖಾನೆಯ ಗೇಟಿನಲ್ಲಿ ಒಂದು ಮೊಳೆಯೂ ಕಳವಾಗಲು ಬಿಡದಿದ್ದ ತಾವು, ಹೆಂಡತಿಯ ನಲವತ್ತು ವರ್ಷಕ್ಕೆ ಸಿಕ್ಕ ಒಂದೇ ಒಂದು ಅಂಗಡಿಯನ್ನು ಗೊರಕೆ ಹೊಡೆದು ಕಳೆದೆವಲ್ಲ ಎಂದು ಅವರಿಗೆ ಸಂಕಟವಾಯಿತು.

ಸಂಕಟ ಅಷ್ಟಕ್ಕೆ ನಿಂತಿದ್ದರೆ ಚೆನ್ನಾಗಿತ್ತು. ಮರುದಿನ ಸೊಸೆ ಕಂಪನಿಯ ಉತ್ತರದ ಫಾರಂ ತುಂಬಲು ಕೂತಳು. ಮೊದಲ ಪ್ರಶ್ನೆಯೇ ಇದು: ಕಳಿಸುವ ಮುನ್ನ ಈ ಸರಕನ್ನು ಯಾರಾದರೂ ಬಳಸಿದ್ದರೇ? ಹೌದು ಅಥವಾ ಇಲ್ಲ. ಅವಳು ಇಲ್ಲ ಎಂದು ಒತ್ತಿದಳು. ಕೂದಲು ಟೈಲರ್ ಅಂಗಡಿಯ ಚೂರುಬಟ್ಟೆಯ ಜೊತೆ ಬಂದಿರಬಹುದು ಎಂದು ಕೆಳಗೆ ಬರೆದಳು. ಒಳ್ಳೆಯ ಉತ್ತರ, ಯಾರೂ ತಪ್ಪು ಹಿಡಿಯುವಂತಿರಲಿಲ್ಲ. ಆದರೆ ಅಂಗಡಿ ಇದ್ದದ್ದು ಯಾರ ಹೆಸರಿನಲ್ಲಿ? ಉತ್ತರ ಮಾಲೀಕರದೇ ಎಂದು ಖಾತ್ರಿಯಾಗಲು ಆರು ಅಂಕಿಗಳ ಗುಟ್ಟಿನ ಸಂಖ್ಯೆಯೊಂದು ಟಾರ್ಚಪ್ಪನವರ ಫೋನಿಗೆ ಬಂತು. ಅದನ್ನು ಹೇಳಿ ಎಂದಳು.

ಅವಳು ಏನು ಬರೆದಿದ್ದಾಳೆಂದು ಅವರು ಓದಿಸಿ ಕೇಳಿದರು. ಕೇಳಿ, ಫೋನನ್ನು ಜೇಬಿಗೆ ಹಾಕಿಕೊಂಡರು.

"ಹೇಳಲ್ಲಮ್ಮ. ಸುಳ್ಳು ಎಂಟ್ರಿಗೆ ನಾನು ಯಾವತ್ತೂ ಸಹಿ ಹಾಕಿಲ್ಲ."

ಸೊಸೆ ಬೇಡಿಕೊಂಡಳು, ರೇಗಿದಳು, ಮುಖ ಊದಿಸಿಕೊಂಡಳು. ಆ ಸಂಖ್ಯೆಗೆ ಹತ್ತೇ ನಿಮಿಷದ ಆಯಸ್ಸು. ಅವಳು ಮತ್ತೆ ಒತ್ತಿದಾಗಲೆಲ್ಲ ಹೊಸ ಸಂಖ್ಯೆ ಬರುತ್ತಿತ್ತು, ಟಾರ್ಚಪ್ಪನವರ ಜೇಬು ಟಿಂಗ್ ಎನ್ನುತ್ತಿತ್ತು, ಅವರು ಕೈಯನ್ನು ಜೇಬಿನ ಮೇಲಿಟ್ಟು ಮಹಡಿ ಮೆಟ್ಟಿಲ ಮೇಲೆ ಗೇಟು ಕಾಯುವ ಭಂಗಿಯಲ್ಲಿ ನಿಲ್ಲುತ್ತಿದ್ದರು. ಹೀಗೆ ಐದು ದಿನ ಕಳೆಯಿತು. ನಿಜ ಹೇಳಿದರೆ ಅಂಗಡಿ ಹೋಗುತ್ತದೆ, ಸುಳ್ಳು ಹೇಳಿದರೆ ತಮ್ಮ ಸಹಿಯ ಮಾನ ಹೋಗುತ್ತದೆ ಎಂದು ಅವರಿಗೆ ಸ್ಪಷ್ಟವಾಗಿ ಗೊತ್ತಿತ್ತು. ಒಳಗೆ ಕೋಣೆಯಲ್ಲಿ ಕೌದಿಯಮ್ಮ ಸೂಜಿ ಮುಟ್ಟದೆ, ಚೂರುಬಟ್ಟೆಗಳನ್ನು ಬಣ್ಣಬಣ್ಣವಾಗಿ ವಿಂಗಡಿಸಿ, ಮತ್ತೆ ಕಲೆಸಿ, ಮತ್ತೆ ವಿಂಗಡಿಸುತ್ತಿದ್ದಳು. ಗಂಡನಿಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಅವರಿಗೆ ಎಷ್ಟೋ ಸುಖವಾಗುತ್ತಿತ್ತು.

ಆರನೆಯ ದಿನ ಭಾನುವಾರ. ಟಾರ್ಚಪ್ಪನವರು ಸ್ನಾನ ಮಾಡಿ, ಹಳೆಯ ಯೂನಿಫಾರಂ ಶರ್ಟು ಇಸ್ತ್ರಿ ಮಾಡಿ ಹಾಕಿಕೊಂಡು, ಕೌದಿ ಕಳಿಸಿದ ಪಾರ್ಸೆಲ್ಲಿನ ರಸೀದಿಯಲ್ಲಿದ್ದ ಆ ಹೆಂಗಸಿನ ನಂಬರಿಗೆ ಫೋನ್ ಹಚ್ಚಿದರು. ಅವರಿಗೆ ಫೋನನ್ನು ಕಿವಿಗೆ ಹಿಡಿದರೆ ಕೇಳುವುದಿಲ್ಲ. ಸ್ಪೀಕರಿಗೆ ಹಾಕಿ, ಅಂಗೈ ಮೇಲಿಟ್ಟುಕೊಂಡು, ಇಡೀ ಬೀದಿಗೆ ಕೇಳುವಂತೆ ಮಾತಾಡುವುದೇ ಪದ್ಧತಿ. ಅಡುಗೆಮನೆಯಿಂದ ಸೊಸೆ ಓಡಿ ಬಂದಳು. ತಡೆಯುವಷ್ಟರಲ್ಲಿ ಆ ಕಡೆಯಿಂದ ಹಲೋ ಬಂದಿತ್ತು.

"ನಮಸ್ಕಾರ ಅಮ್ಮಾ. ನಿಮ್ಮ ಕೌದಿಯಲ್ಲಿ ಮಲಗಿದ್ದವನು ನಾನೇ."

ಈ ಕಡೆ ಸೊಸೆ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಳು. ಟಾರ್ಚಪ್ಪನವರು ಬಿಡದೆ ವರದಿ ಒಪ್ಪಿಸಿದರು. ತಾರೀಖು, ಒಳಗೆ ಹೋದ ಸಮಯ, ಹೊರಗೆ ಬಂದ ಸಮಯ, ಬಲಗಾಲಿನ ಕಡೆಯ ದಾರ. ತಪ್ಪು ತಮ್ಮೊಬ್ಬರದೇ, ಹೊಲಿದವಳದಲ್ಲ, ಮಾರಿದವಳದೂ ಅಲ್ಲ. ದುಡ್ಡು ವಾಪಸು ಕೊಡುತ್ತೇವೆ, ಹೊಸದೊಂದು ಹೊಲಿಸಿ ಯಾರನ್ನೂ ಹತ್ತಿರ ಬಿಡದೆ ತಾವೇ ಕಾವಲಿದ್ದು ಕಳಿಸುತ್ತೇವೆ, ಅಂಗಡಿ ಮಾತ್ರ ಮುಚ್ಚಿಸಬೇಡಿ ಎಂದರು.

ಆ ಹೆಂಗಸು ಸುಲಭದ ಆಸಾಮಿಯಲ್ಲ. ಮಾತಿನ ಗತ್ತಿನಲ್ಲೇ ತಿಳಿಯುತ್ತಿತ್ತು. ದಾರ ಸಡಿಲವಿದೆಯೋ ಇಲ್ಲವೋ ನೋಡಲು ಕೈಯಿಂದ ಎಳೆದರೆ ಸಾಕು, ಹೊದ್ದು ಮಲಗಬೇಕೇ ಎಂದು ಕೇಳಿದರು. ನಿಜವೇ, ಎಳೆದರೆ ಸಾಕಿತ್ತು. ರಿಜಿಸ್ಟರಿನಲ್ಲಿ ಇಪ್ಪತ್ತಮೂರು ಸಲ ಬರೆದದ್ದು ನಿಜ, ಆದರೆ ಮಲಗಿದ ಕಾರಣ ಅದರಲ್ಲಿ ಒಂದು ಸಲವೂ ಬರೆದಿರಲಿಲ್ಲ. ಟಾರ್ಚಪ್ಪನವರು ಯಾರಿಗೂ ಹೇಳದಿದ್ದ ಮಾತನ್ನು ಗುರುತಿಲ್ಲದ ಹೆಂಗಸಿಗೆ ಹೇಳಿದರು.

"ಮೂವತ್ತೆರಡು ವರ್ಷ ರಾತ್ರಿ ಪಾಳಿ ಮಾಡಿದೋನು ಅಮ್ಮಾ ನಾನು. ಬೆಳಗ್ಗೆ ಆರೂವರೆಗೆ ಮನೆಗೆ ಬರ್ತಿದ್ದೆ. ಚಳೀಲಿ ನಿಂತೂ ನಿಂತೂ ಕೈಕಾಲು ಮರಗಟ್ಟಿರ್ತಿತ್ತು. ಬಂದು ಕೌದಿ ಒಳಗೆ ಕಾಲಿಟ್ರೆ ಬೆಚ್ಚಗಿರ್ತಿತ್ತು. ನಮ್ಮನೆಯವಳು ಮಲಗೆದ್ದು ಹೋದ ಬಿಸಿ. ಮನೆಗೆ ಬಂದೆ ಅನ್ನಿಸ್ತಿದ್ದಿದ್ದೇ ಆವಾಗ. ಹೊಸ ಕೌದಿ ತಣ್ಣಗಿರುತ್ತಲ್ಲ. ಯಾರೂ ಮಲಗದೇ ಇರೋದನ್ನ ಹಾಗೇ ಡಬ್ಬಿಗೆ ಹಾಕಿ ಕಳ್ಸೋಕೆ ಮನಸ್ಸು ಬರ್ಲಿಲ್ಲ. ನಾಲ್ಕು ದಿನ ದಾರೀಲಿ ಹೋಗೋದ್ರಲ್ಲಿ ಬಿಸಿ ಇರಲ್ಲ ಅಂತ ಗೊತ್ತು. ಆದ್ರೂ."

ಕೋಣೆಯಿಂದ ಕೌದಿಯಮ್ಮ ಬಂದು ಬಾಗಿಲಲ್ಲಿ ನಿಂತದ್ದು ಟಾರ್ಚಪ್ಪನವರಿಗೆ ಕಾಣಲಿಲ್ಲ, ಅವರ ಬೆನ್ನು ಆ ಕಡೆಗಿತ್ತು.

ಕೊನೆಗೆ ಆ ಹೆಂಗಸು ಕೂದಲು ಎಲ್ಲಿಯದು ಎಂದು ಕೇಳಿದರು. ಮೀಸೆಯದು ಎಂದರು ಟಾರ್ಚಪ್ಪ. ತಾನು ಮೊದಲು ಬೆಕ್ಕಿನದೆಂದು ತಿಳಿದಿದ್ದಾಗಿ ಆ ಹೆಂಗಸು ಒಪ್ಪಿಕೊಂಡರು. ಇನ್ನೂ ಒಂದು ಒಪ್ಪಿಕೊಂಡರು. ಕೌದಿ ವಾಪಸು ಕಳಿಸಲು ಆಗದು, ಏಕೆಂದರೆ ಬೈಯುತ್ತ ಬೈಯುತ್ತಲೇ ಅದನ್ನು ಹತ್ತು ದಿನದಿಂದ ತಾನೂ ಹೊದ್ದುಕೊಂಡು ಮಲಗುತ್ತಿದ್ದೇನೆ, ಈಗ ಅದು ನಿಜಕ್ಕೂ ಬಳಸಿದ ಮಾಲು.

"ದೂರು ವಾಪಸ್ ತಗೊಳ್ತೀನಿ ಯಜಮಾನ್ರೇ. ಇನ್ಮೇಲೆ ಮೀಸೆಗೊಂದು ಕರ್ಚೀಫ್ ಕಟ್ಕೊಂಡು ಮಲಗಿ."

ಆ ದಿನವೇ ಫಾರಂ ಹೋಯಿತು. ಬಳಸಿದ್ದರೇ ಎಂಬ ಪ್ರಶ್ನೆಗೆ ಸೊಸೆ ಹೌದು ಎಂದು ಒತ್ತಿದಳು, ಟಾರ್ಚಪ್ಪನವರು ಆರು ಅಂಕಿಗಳನ್ನೂ ಒಂದೊಂದಾಗಿ, ಬೀದಿಗೆಲ್ಲ ಕೇಳುವಂತೆ ಒಪ್ಪಿಸಿದರು. ದೂರು ಕೊಟ್ಟವರೇ ಹಿಂತೆಗೆದುಕೊಂಡದ್ದರಿಂದ ಕಂಪನಿ ಅಂಗಡಿ ಮುಚ್ಚಲಿಲ್ಲ, ಮೂರು ತಿಂಗಳ ಮಟ್ಟಿಗೆ ಹೆಸರಿನ ಮುಂದೆ ಒಂದು ಹಳದಿ ಎಚ್ಚರಿಕೆಯ ಗುರುತು ಅಂಟಿಸಿ ಬಿಟ್ಟಿತು. ಸೊಸೆಯೂ ಒಂದು ಬದಲಾವಣೆ ಮಾಡಿದಳು. ಕೌದಿ ತರಿಸಿಕೊಳ್ಳುವವರಿಗೆ ಅಳತೆ, ಬಣ್ಣಗಳ ಕೆಳಗೆ ಒಂದು ಹೊಸ ಪ್ರಶ್ನೆ: ನಮ್ಮ ಮನೆಯ ಹಿರಿಯರು ಒಂದು ಮಧ್ಯಾಹ್ನ ಹೊದ್ದು ನೋಡಿ ಕಳಿಸಬೇಕೇ, ಬೇಡವೇ? ಮುಂದಿನ ಒಂದು ವರ್ಷದಲ್ಲಿ ಬಂದ ಹನ್ನೊಂದು ಜನರಲ್ಲಿ ಹತ್ತು ಜನ ಬೇಡ ಎಂದರು. ಲೋಕವೆಂದರೆ ಹಾಗೆ, ಅದರಲ್ಲಿ ಬೇಸರ ಪಡುವಂಥದ್ದೇನೂ ಇಲ್ಲ. ಹನ್ನೊಂದನೆಯವರು ಬೇಕು ಎಂದದ್ದಕ್ಕೆ ಟಾರ್ಚಪ್ಪನವರು ಎರಡು ದಿನ ಬೀದಿಯಲ್ಲಿ ಎದೆ ಉಬ್ಬಿಸಿಕೊಂಡು ಓಡಾಡಿದರು.

ಅದು ಆಮೇಲಿನ ಮಾತು. ಆ ಭಾನುವಾರ ಸಂಜೆ ಕೌದಿಯಮ್ಮ ಇಪ್ಪತ್ತನಾಲ್ಕನೆಯ ಕೌದಿಯನ್ನು ಗಂಟುಗಳ ಹಿಂದಿನಿಂದ ಎಳೆದು, ಕಿಟಕಿಯ ಹತ್ತಿರ ಕೂತು, ಸೂಜಿಗೆ ದಾರ ಪೋಣಿಸಿದಳು. ಟಾರ್ಚಪ್ಪನವರು ಎದುರಿಗೆ ಕೂತರು. ಅರ್ಧ ಸುತ್ತು ಹೊಲಿಗೆ ಮುಗಿದ ಮೇಲೆ ಕೌದಿಯಮ್ಮ ಕೇಳಿದಳು.

"ರೀ, ನಾನು ಬೆಳಗ್ಗೆ ಏಳ್ತಿದ್ದಿದ್ದು ಎಷ್ಟೊತ್ತಿಗೆ?"

ನಾಲ್ಕೂವರೆಗೆ ಎಂದರು ಟಾರ್ಚಪ್ಪ. ನಲ್ಲಿಯಲ್ಲಿ ನೀರು ಬರುತ್ತಿದ್ದದ್ದೇ ಆ ಹೊತ್ತಿಗಲ್ಲವೇ.

"ನೀವು ಬರ್ತಿದ್ದಿದ್ದು ಆರೂವರೆಗೆ. ಎರಡು ಗಂಟೆ ಬಿಸಿ ಹೇಗೆ ಉಳೀತಿತ್ತು?"

ಕಾಂಪೌಂಡಿನ ಆಚೆ ಎಲೆ ಅಲುಗಿದರೂ ಗುರುತಿಸುತ್ತಿದ್ದ ಕಾವಲುಗಾರನಿಗೆ ಈ ಪ್ರಶ್ನೆ ಮೂವತ್ತೆರಡು ವರ್ಷದಲ್ಲಿ ಒಂದು ಸಲವೂ ಹೊಳೆದಿರಲಿಲ್ಲ. ಅವರು ಬೆರಳೆಣಿಸಿ ಲೆಕ್ಕ ಹಾಕಲು ಶುರುಮಾಡಿದರು. ಕೌದಿಯಮ್ಮ ತಲೆಯೆತ್ತದೆ ಹೊಲಿಯುತ್ತಲೇ ಇದ್ದಳು.

"ಆರು ಗಂಟೆಗೆ ಒಲೆ ಆರಿಸಿ, ಹೋಗಿ ಮತ್ತೆ ಮಲಗ್ತಿದ್ದೆ. ನಿದ್ದೆಗಲ್ಲ. ಮೆಟ್ಟಿಲ ಹತ್ರ ನಿಮ್ಮ ಬೂಟಿನ ಸದ್ದು ಕೇಳಿದ್ಮೇಲೆ ಎದ್ದು ಬರ್ತಿದ್ದೆ."

"ದಿನಾನೂ?"

"ನಿಮ್ಮ ವಾರದ ರಜೆ ಬಿಟ್ಟು."

ಟಾರ್ಚಪ್ಪನವರು ಏನಾದರೂ ಹೇಳಬೇಕಿತ್ತು, ಆದರೆ ಅವರು ಮಾತು ಬಲ್ಲವರಲ್ಲ, ವರದಿ ಮಾತ್ರ ಬಲ್ಲವರು. ಊಟವಾಯಿತು, ಪಾತ್ರೆ ತೊಳೆದದ್ದಾಯಿತು. ಕೌದಿಯಮ್ಮ ಸೂಜಿ ದಾರ ಎತ್ತಿಟ್ಟು ಮಲಗಲು ಬಂದಾಗ ಗಂಡ ತಮ್ಮ ಜಾಗ ಬಿಟ್ಟು ಅವಳ ಜಾಗದಲ್ಲಿ, ಅವಳ ಕೌದಿ ಹೊದ್ದು, ಗಲ್ಲದವರೆಗೆ ಎಳೆದುಕೊಂಡು ಮಲಗಿದ್ದರು. ಇದೇನು, ಆ ಕಡೆ ಸರಿಯಿರಿ ಎಂದಳು.

"ಇನ್ನೊಂದು ಐದು ನಿಮಿಷ ತಾಳು," ಎಂದರು ಟಾರ್ಚಪ್ಪನವರು, "ಇನ್ನೂ ಬೆಚ್ಚಗಾಗಿಲ್ಲ."